ರಿಮ್ಮಿನ ಮೇಲೆ ಕೂರದ ಟೈರು

ಸೈಕಲ್ಲಿಗೆ ಹೊಸ ಟೈರನ್ನು ತೊಡಿಸಿ, ಗಾಳಿ ತುಂಬಿ, ಏರಿ ಹೊರಟ ಮೇಲೆ, ಹಾದಿ ಎಷ್ಟೇ ನುಣುಪಾಗಿದ್ದರೂ ಚಕ್ರದ ಸುತ್ತೊಂದಕ್ಕೆ ಒಂದು ಬಾರಿಯಂತೆ ಸೀಟಿನ ಅಡಿಯಿಂದ ಯಾರೋ ಎತ್ತಿ ಇಳಿಸಿದಂತಾಗುತ್ತಿದ್ದರೆ, ಆ ಟೈರು ರಿಮ್ಮಿನ ಮೇಲೆ ಸಮನಾಗಿ ಕುಳಿತಿಲ್ಲವೆಂದು ಅನುಮಾನಿಸಬೇಕು. ಸವಾರನನ್ನು ಕೂಡಲೇ ಕೆಡಹುವಂತಹ ದೋಷ ಇದಲ್ಲವಾದುದರಿಂದ ಬಹುಮಂದಿ ಇದನ್ನು ಸಹಿಸಿಕೊಂಡು ತಿಂಗಳುಗಟ್ಟಲೆ ಸೈಕಲ್ ತುಳಿಯುತ್ತಾರೆ. ಆದರೆ ಉಬ್ಬಿ ನಿಂತ ಭಾಗ ಬೇಗನೆ ಸವೆಯುವುದೂ, ಒಂದು ದಿನ ಬಿಸಿಲಿನಲ್ಲಿ ಗಾಳಿ ಹಿಗ್ಗಿದಾಗ ಟೈರಿನ ಅಂಚು ರಿಮ್ಮಿನಿಂದ ಜಾರಿ ಟ್ಯೂಬು ಸಿಡಿಯುವುದೂ ಈ ಉಪೇಕ್ಷೆಯ ಫಲವಾಗಿ ಒದಗಬಹುದು.

ಕೊಯಮತ್ತೂರಿನಿಂದ ಉತ್ತರಕ್ಕೆ, ನೀಲಗಿರಿಯ ತಪ್ಪಲನ್ನು ಸೇರುವ ಮೇಟ್ಟುಪಾಳಯದ ಹೆದ್ದಾರಿಯಲ್ಲಿ ಸುಮಾರು 10 ಕಿಲೋಮೀಟರು ಸಾಗಿದರೆ ಸಿಕ್ಕುವ ತುಡಿಯಲೂರು, ಈ ಮಾತನ್ನು ವಿವರಿಸಲು ತಕ್ಕ ಸ್ಥಳವೆಂದು ನನಗೆ ತೋರುತ್ತದೆ. 2011ರಲ್ಲಿ ನಗರಪಾಲಿಕೆಯೊಳಗೆ ಸೇರಿಹೋದರೂ, ಹೆದ್ದಾರಿಯನ್ನು ಬಿಟ್ಟು ಪಶ್ಚಿಮಕ್ಕೆ ಕಣುವಾಯಿ, ತಡಾಗಂಗಳ ಕಡೆಗೆ ತಿರುಗಿದರೆ ಕೆಂಪು ಧೂಳಿನ ಹಾದಿಗಳೂ, ತೋಟಗಳೂ, ಬೆಟ್ಟದ ಸಾಲೂ ಇನ್ನೂ ಕಣ್ಣಿಗೆ ಬೀಳುತ್ತವೆ. 1799ರವರೆಗೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದ, ನಮ್ಮ ಕೊಳ್ಳೇಗಾಲವನ್ನು 1956ರ ತನಕ ತನ್ನ ಜಿಲ್ಲೆಯೊಳಗೇ ಇರಿಸಿಕೊಂಡಿದ್ದ ಈ ಸೀಮೆಯಲ್ಲಿ, ದೇವಾಂಗ ನೇಕಾರರ ಮತ್ತು ಒಕ್ಕಲಿಗರ ಅನೇಕ ಮನೆಗಳ ಒಳಮಾತು ಇಂದಿಗೂ ಕನ್ನಡವೇ. ಹತ್ತಿಯ ಗಿರಣಿಗಳೂ, ಎರಕದ ಕಾರ್ಖಾನೆಗಳೂ, ಪಂಪು ತಯಾರಿಸುವ ಕಾರ್ಯಾಗಾರಗಳೂ ಬೆಳೆದ ಈ ನಾಡಿನಲ್ಲಿ ಪಾಳಿಯ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದ ಕೂಲಿಕಾರನಿಗೆ ಬಹುಕಾಲ ಸೈಕಲ್ಲೇ ಆಧಾರವಾಗಿತ್ತು. ಈಗ ಆತನ ಮಗ ಮೋಟಾರು ಸೈಕಲ್ ಏರಿದ್ದಾನೆ. ಆದರೆ ಸರ್ಕಾರ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಕೊಡುವ ಸೈಕಲ್ಲು ಮೊಮ್ಮಗಳ ಕೈಗೆ ಬಂದಿದೆ. ಕರ್ನಾಟಕದಲ್ಲಿಯೂ 2006–07ರಿಂದ ಎಂಟನೆಯ ತರಗತಿಯವರಿಗೆ ಇಂತಹ ಸೈಕಲ್ಲುಗಳನ್ನು ಹಂಚಿದುದು ಎಲ್ಲರಿಗೂ ತಿಳಿದಿದೆ. ಊರೂರಿನಲ್ಲಿಯೂ ಸೈಕಲ್ ಷಾಪುಗಳು ಕಡಿಮೆಯಾಗುತ್ತಿರುವ ಕಾಲದಲ್ಲಿ, ಟೈರಿನ ಒಂದು ಅಲ್ಪ ದೋಷದ ಕಾರಣವಾಗಿ ಆ ಸೈಕಲ್ಲು ಗೋಡೆಗೆ ಒರಗಿ ತುಕ್ಕು ಹಿಡಿಯುವುದೂ, ಅದನ್ನು ನಂಬಿದ್ದ ಹುಡುಗಿ ಬಸ್ಸಿಗೆ ಕಾಯುವುದೂ ನನ್ನ ಮನಸ್ಸಿಗೆ ಬಹಳ ನೋವಿನ ಸಂಗತಿ. ಆದುದರಿಂದಲೇ ಈ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ.

ಟೈರು ರಿಮ್ಮಿನ ಮೇಲೆ ಕೂರುವುದು ಎಂಬ ಪ್ರಶ್ನೆಯೇ ಮೊದಲು ಇರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದಾಗ, ಅದನ್ನು ಬಟ್ಟೆ ಸುತ್ತಿ ಅಂಟಿನಿಂದ ಚಕ್ರಕ್ಕೆ ಬಿಗಿಯಲಾಗುತ್ತಿತ್ತು. ಒಂದು ಮುಳ್ಳು ಚುಚ್ಚಿದರೆ ಸುತ್ತಿದುದನ್ನೆಲ್ಲ ಬಿಚ್ಚಿ, ಮತ್ತೆ ಅಂಟಿಸಿ, ಒಣಗಲು ಬಿಡಬೇಕಾಗಿತ್ತು. 1890ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬಾತನು, ಟೈರಿನ ಎರಡು ಅಂಚುಗಳಲ್ಲಿಯೂ ಹಿಗ್ಗದ ತಂತಿಯ ಬಳೆಗಳನ್ನು ಹುದುಗಿಸಿ, ಅವು ಕೂರುವುದಕ್ಕೆ ನಡುವೆ ತಗ್ಗಾದ ರಿಮ್ಮನ್ನು ಕಲ್ಪಿಸಿದನು. ಅದೇ ವರ್ಷ ಎಡಿನ್‌ಬರೋದಲ್ಲಿ ನೆಲಸಿದ್ದ ಬಾರ್ಟ್‌ಲೆಟ್ ಎಂಬಾತನು ರಿಮ್ಮಿನ ತುಟಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುವ ಅಂಚಿನ ಟೈರನ್ನು ರೂಪಿಸಿದನು. ಮರುವರ್ಷ ಫ್ರಾನ್ಸಿನಲ್ಲಿ ನಡೆದ, ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಹಿಂದಿರುಗುವ ಸುಮಾರು 1200 ಕಿಲೋಮೀಟರುಗಳ ಪಂದ್ಯವನ್ನು ಷಾರ್ಲ್ ತೆರಾಂ ಎಂಬ ಸವಾರನು ಮಿಷೆಲಿನ್ ಸೋದರರ ಬಿಚ್ಚಿ ತೊಡಿಸಬಹುದಾದ ಟೈರಿನ ಮೇಲೆ ಗೆದ್ದಾಗ, ಅಂಟಿನ ಕಾಲ ಮುಗಿಯುತ್ತಿರುವುದು ಜಗತ್ತಿಗೆ ತಿಳಿಯಿತು. ಇಂದು ತುಡಿಯಲೂರಿನ ಅಂಗಡಿಯಲ್ಲಿ ಕೊಳ್ಳುವ ಸಾಮಾನ್ಯ ಟೈರು ವೆಲ್ಚನ ಕಲ್ಪನೆಯ ಸಂತಾನವೇ.

ಆ ಕಲ್ಪನೆಯಲ್ಲಿ ಅಡಗಿರುವ ಯುಕ್ತಿಯನ್ನು ಗ್ರಹಿಸಿದವರಿಗೆ ಉಳಿದುದೆಲ್ಲ ಸುಲಭ. ನಮ್ಮ ದೊಡ್ಡ ಸೈಕಲ್ಲಿನ 28 ಅಂಗುಲದ, ಒಂದೂವರೆ ಅಂಗುಲ ದಪ್ಪದ ಟೈರಿನ ತಂತಿಬಳೆಯ ವ್ಯಾಸ 635 ಮಿಲಿಮೀಟರು. ಎಂದರೆ ಅದರ ಸುತ್ತಳತೆ ಹೆಚ್ಚುಕಡಮೆ ಎರಡು ಮೀಟರು. ರಿಮ್ಮಿನ ತುಟಿ ಇದಕ್ಕಿಂತ ದೊಡ್ಡದು, ತಂತಿಯೋ ಹಿಗ್ಗುವುದಿಲ್ಲ. ಹೀಗಿರುವಾಗ ಚಿಕ್ಕ ಬಳೆ ದೊಡ್ಡ ತುಟಿಯನ್ನು ದಾಟಿ ಒಳಗೆ ಹೋಗುವುದೆಂತು? ಬಳೆಗಾರನು ಹೆಬ್ಬೆರಳನ್ನು ಅಂಗೈಯ ಕುಳಿಯೊಳಕ್ಕೆ ಮಡಿಸಿ, ಕೈಯನ್ನು ಕಿರಿದು ಮಾಡಿ ಬಿಗಿಬಳೆಯನ್ನು ಏರಿಸುವಂತೆಯೇ, ಟೈರಿನ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತಿಕೊಂಡು ಹೋದರೆ, ಎದುರು ಬದಿಯಲ್ಲಿ ತುಟಿಯನ್ನು ದಾಟುವಷ್ಟು ಸಡಿಲು ಒದಗುತ್ತದೆ. ಅನಂತರ ಗಾಳಿ ತುಂಬಿದಾಗ ಟ್ಯೂಬು ಹಿಗ್ಗಿ, ಎರಡು ಅಂಚುಗಳನ್ನೂ ತಗ್ಗಿನಿಂದ ಮೇಲಕ್ಕೆತ್ತಿ, ಇಕ್ಕೆಲದ ತುಟಿಗಳ ಬುಡದಲ್ಲಿರುವ ಅವುಗಳ ಪೀಠಕ್ಕೆ ಏರಿಸಬೇಕು. ಎಲ್ಲಿ ಏನೋ ಒಂದು ಅಡ್ಡಿಯಾಗಿ ಅಂಚು ತಗ್ಗಿನಲ್ಲಿಯೇ ಉಳಿಯಿತೋ ಅಲ್ಲಿ ಟೈರು ಕುಸಿದು ಕಾಣುತ್ತದೆ. ತಂತಿಯ ಉದ್ದ ಬದಲಾಗದಾದ್ದರಿಂದ ಆ ಕುಸಿತದ ಲೆಕ್ಕ ಎದುರು ಬದಿಯಲ್ಲಿ ಉಬ್ಬಾಗಿ ತೋರುತ್ತದೆ. ಉಬ್ಬಿದ ಜಾಗವನ್ನೇ ಗುದ್ದಿ ಸರಿಪಡಿಸಹೊರಟವರ ಶ್ರಮ ವ್ಯರ್ಥವಾಗುವುದು ಇದರಿಂದಲೇ. ಮೂಲವಿರುವುದು ಅನೇಕ ವೇಳೆ ಅದರ ಎದುರಿನಲ್ಲಿ.

ದೋಷ ಟೈರಿನದೋ ರಿಮ್ಮಿನದೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳತಕ್ಕದ್ದು. ಚಕ್ರವನ್ನು ನೆಲದಿಂದ ಎತ್ತಿ ತಿರುಗಿಸುತ್ತ, ಒಂದು ಕಡ್ಡಿಯ ತುದಿಯನ್ನು ರಿಮ್ಮಿನ ಅಂಚಿಗೆ ಕೂದಲೆಳೆಯಷ್ಟು ದೂರದಲ್ಲಿ ಸ್ಥಿರವಾಗಿ ಹಿಡಿದರೆ, ಆ ಎಡೆ ಸುತ್ತಲೂ ಒಂದೇ ಸಮನಾಗಿದ್ದಲ್ಲಿ ರಿಮ್ಮು ನೆಟ್ಟಗಿದೆಯೆಂದೂ, ಒಮ್ಮೆ ತಾಗಿ ಒಮ್ಮೆ ದೂರವಾದಲ್ಲಿ ಅದು ಬೆಂಡಾಗಿದೆಯೆಂದೂ ತಿಳಿಯುತ್ತದೆ. ಬೆಂಡು ತೆಗೆಯುವುದು ಸ್ಪೋಕುಗಳ ನಿಪ್ಪಲನ್ನು ತಿರುಗಿಸಬಲ್ಲ ಅನುಭವಿಯ ಕೆಲಸ. ಅದು ಬೇರೆ ವಿದ್ಯೆ. ರಿಮ್ಮು ನೆಟ್ಟಗಿದ್ದರೆ ಟೈರಿನ ಪಕ್ಕೆಯನ್ನು ನೋಡಬೇಕು. ಅಲ್ಲಿ, ರಿಮ್ಮಿನ ತುಟಿಗೆ ತುಸು ಮೇಲೆ, ಅಚ್ಚಿನಲ್ಲಿಯೇ ಮೂಡಿದ ಒಂದು ಸಣ್ಣ ಏಣಿನ ಗೆರೆ ಸುತ್ತಲೂ ಹರಿದಿರುತ್ತದೆ. ಸವಾರರಲ್ಲಿ ಹೆಚ್ಚಿನವರು ಅದನ್ನು ಅಲಂಕಾರವೆಂದು ಬಗೆಯುತ್ತಾರೆ. ಆದರೆ ಟೈರು ಕೂತಿದೆಯೋ ಇಲ್ಲವೋ ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿ ಇನ್ನೊಂದಿಲ್ಲ. ಗೆರೆ ರಿಮ್ಮಿನಿಂದ ಎಲ್ಲೆಡೆಯೂ ಸಮದೂರದಲ್ಲಿರಬೇಕು, ಎರಡು ಪಕ್ಕೆಗಳಲ್ಲಿಯೂ. ಒಂದೆಡೆ ರಿಮ್ಮಿನೊಳಗೆ ಮುಳುಗಿದ್ದರೆ ಅಲ್ಲಿಯೇ ಅಡ್ಡಿ.

ಆ ಅಡ್ಡಿ ಯಾವುದಿರಬಹುದು? ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕುವುದು ವಾಲ್ವಿನ ಬಳಿ. ವಾಲ್ವು ಟ್ಯೂಬನ್ನು ಸೇರುವ ಸ್ಥಳದಲ್ಲಿ ರಬ್ಬರು ದಪ್ಪವಾಗಿರುತ್ತದೆ. ಗಾಳಿ ತುಂಬುವ ಮೊದಲೇ ವಾಲ್ವಿನ ನಟ್ಟನ್ನು ಬಿಗಿದುಬಿಟ್ಟರೆ ಆ ದಪ್ಪ ಭಾಗ ಟೈರಿನ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಂಡು ಅಂಚನ್ನು ತನ್ನ ಪೀಠಕ್ಕೆ ಹೋಗಗೊಡುವುದಿಲ್ಲ. ಗಾಳಿ ಬಿಟ್ಟು, ನಟ್ಟನ್ನು ತುದಿಯವರೆಗೆ ಸಡಿಲಿಸಿ, ವಾಲ್ವನ್ನು ಹೆಬ್ಬೆರಳಿನಿಂದ ಟೈರಿನ ಒಳಕ್ಕೆ ದೂಡಿ, ಎರಡು ಅಂಚುಗಳೂ ಅದರ ಕೆಳಗೆ ಇಳಿದುವೆಂಬುದನ್ನು ನೋಡಿಕೊಂಡು ಮತ್ತೆ ಹೊರಕ್ಕೆ ಎಳೆದರೆ, ಅರ್ಧಕ್ಕರ್ಧ ತಕರಾರು ಅಲ್ಲಿಯೇ ತೀರುತ್ತದೆ. ಇಲ್ಲವಾದರೆ ಟ್ಯೂಬು ತಿರುಚಿ ಎಲ್ಲಿಯೋ ಅಂಚಿನಡಿಗೆ ಸಿಕ್ಕಿರಬಹುದು. ನಿಪ್ಪಲುಗಳನ್ನು ಮುಚ್ಚುವ ರಿಮ್ಮಿನ ಪಟ್ಟಿ ಪಕ್ಕಕ್ಕೆ ಸರಿದು ಪೀಠವನ್ನೇ ಆಕ್ರಮಿಸಿರಬಹುದು. ತಡಾಗಂ ದಾರಿಯಂತಹ ಧೂಳುಹಾದಿಯಲ್ಲಿ ಓಡಾಡಿದ ಹಳೆಯ ಚಕ್ರದಲ್ಲಿ ತುಕ್ಕೂ ಮಣ್ಣೂ ಸೇರಿ ಗಟ್ಟಿಯಾಗಿ ಅಂಟಿರಬಹುದು. ಸುತ್ತಿ ಮಡಿಸಿ ಬಹುಕಾಲ ಅಂಗಡಿಯಲ್ಲಿ ಇರಿಸಿದ್ದ ಟೈರು ತನ್ನ ಮಡಿಕೆಯ ನೆನಪನ್ನು ಬಿಡದೆ ಸೆಟೆಯುವುದೂ ಉಂಟು. ಅಂಥದನ್ನು ಬಿಡಿಸಿ ಕೆಲಕಾಲ ಬಿಸಿಲಿಗೆ ಹಾಕಿದರೆ ಮೆತ್ತಗಾಗುತ್ತದೆ.

ಇನ್ನು ಕ್ರಮವನ್ನು ಹೇಳುವುದಾದರೆ, ಟೈರನ್ನು ವಾಲ್ವಿನ ಎದುರಿನಿಂದ ತೊಡಿಸಲು ಪ್ರಾರಂಭಿಸಿ ವಾಲ್ವಿನ ಬಳಿ ಮುಗಿಸುವುದು ಲೇಸು. ವಾಲ್ವಿರುವ ಜಾಗದಲ್ಲಿ ಅಂಚು ತಗ್ಗಿಗೆ ಇಳಿಯಲಾರದು, ಉಳಿದ ಸುತ್ತೆಲ್ಲ ಇಳಿಯಬಲ್ಲುದು. ತೊಡಿಸುವ ಮುನ್ನ ಟ್ಯೂಬಿಗೆ ಅದು ದುಂಡಗಾಗುವಷ್ಟು ಮಾತ್ರ ಗಾಳಿ ಕೊಟ್ಟರೆ ತಿರುಚುವುದಿಲ್ಲ. ಮುಖದ ಪೌಡರನ್ನು ತುಸು ಸವರಿದರೆ ಟೈರಿಗೆ ಅಂಟದೆ ಜಾರುತ್ತದೆ. ತೊಡಿಸಿದ ಮೇಲೆ ಎರಡು ಕೈಗಳಿಂದಲೂ ಟೈರನ್ನು ಅತ್ತಿತ್ತ ಹೊರಳಿಸಿ ನಾದುತ್ತ ಒಂದು ಸುತ್ತು ಬಂದು, ಒಳಗೆ ಟ್ಯೂಬು ಎಲ್ಲಿಯೂ ಇಣುಕುತ್ತಿಲ್ಲವೆಂದು ಪರೀಕ್ಷಿಸಿ, ಕಾಲುಭಾಗದಷ್ಟು ಗಾಳಿ ಹೊಡೆದು ಗೆರೆಯನ್ನು ನೋಡಬೇಕು. ಅದು ಮುಳುಗಿದ ಕಡೆ ಸೋಪಿನ ನೊರೆಯನ್ನು ಅಂಚಿಗೂ ರಿಮ್ಮಿಗೂ ನಡುವೆ ಹಚ್ಚಿ, ಅಲ್ಲಿನ ರಬ್ಬರನ್ನು ಹೊರಕ್ಕೆ ಎಳೆದೆಳೆದು, ಮತ್ತೆ ಗಾಳಿ ಹೊಡೆಯುತ್ತ ಹೋದರೆ ಅಂಚು ಸದ್ದು ಮಾಡಿಯೋ ಮಾಡದೆಯೋ ತನ್ನ ಪೀಠಕ್ಕೆ ಏರುತ್ತದೆ. ಪಕ್ಕೆಯ ಮೇಲೆ ಮುದ್ರಿಸಿದ ಒತ್ತಡದ ಮಿತಿಯನ್ನು ಮೀರಿ ಗಾಳಿ ತುಂಬಿ ಬಲಾತ್ಕಾರವಾಗಿ ಕೂರಿಸಲು ಎಂದಿಗೂ ಹೋಗಬಾರದು. ಟೈರು ಕೂತ ನಂತರ ವಾಲ್ವಿನ ಪಿನ್ನನ್ನು ತೆಗೆದು ಗಾಳಿಯನ್ನೆಲ್ಲ ಒಮ್ಮೆ ಬಿಟ್ಟು, ಪುನಃ ತುಂಬಿ, ಆಮೇಲಷ್ಟೇ ನಟ್ಟನ್ನು ಕೈಬೆರಳಿನಿಂದ ಬಿಗಿಯಬೇಕು. ಒಳಗೆ ಎಲ್ಲಿಯಾದರೂ ಎಳೆದು ನಿಂತಿದ್ದ ಟ್ಯೂಬು ಆಗ ಸಡಿಲಾಗಿ ಹೊಂದಿಕೊಳ್ಳುತ್ತದೆ.

ನೊರೆಯ ಬದಲಿಗೆ ಎಣ್ಣೆಯನ್ನೋ ಗ್ರೀಸನ್ನೋ ಬಳಿಯುವ ಪದ್ಧತಿಯನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಸೋಪು ಒಣಗಿ ಹೋಗುತ್ತದೆ; ಖನಿಜತೈಲವು ಉಳಿದು ರಬ್ಬರನ್ನು ಉಬ್ಬಿಸಿ ಕೊಳೆಸುತ್ತದೆ, ಅದು ರಿಮ್ಮಿಗೆ ಹರಿದರೆ ಬ್ರೇಕೂ ಹಿಡಿಯುವುದಿಲ್ಲ. ಸ್ಕ್ರೂಡ್ರೈವರಿನಿಂದ ಅಂಚನ್ನು ಮೀಟುವುದು ಅದಕ್ಕಿಂತಲೂ ಘಾತುಕ. ಅದರ ಮೊನೆ ಟ್ಯೂಬನ್ನು ತೂತು ಮಾಡುವುದಲ್ಲದೆ ಅಂಚಿನ ತಂತಿಯನ್ನೂ ಬಾಗಿಸಬಲ್ಲುದು.

ಇಷ್ಟೆಲ್ಲ ಮಾಡಿದರೂ ಟೈರು ಕೂರದಿದ್ದಲ್ಲಿ ಅಳತೆಯನ್ನು ಶಂಕಿಸಬೇಕು. 26 ಅಂಗುಲವೆಂಬ ಒಂದೇ ಹೆಸರಿನಡಿಯಲ್ಲಿ 559, 584, 590 ಮಿಲಿಮೀಟರುಗಳ ಮೂರು ಬೇರೆ ಬೇರೆ ಟೈರುಗಳು ಮಾರಾಟವಾಗುತ್ತವೆ. 590ರ ಟೈರು 584ರ ರಿಮ್ಮಿಗೆ ಸಲೀಸಾಗಿ ಹೊಕ್ಕಿತಲ್ಲ ಎಂದು ಸಂತೋಷಪಡುವವರಿಗೆ ಅದು ಎಷ್ಟು ನಾದಿದರೂ ನಡುವಿಗೆ ನಿಲ್ಲದೆ ವಾಲುತ್ತಿರುವುದರ ಕಾರಣ ತಿಳಿಯುವುದಿಲ್ಲ. ಪಕ್ಕೆಯ ಮೇಲೆ 37-590 ಎಂಬಂತೆ ಜೋಡಿಯಾಗಿ ಅಚ್ಚಾಗಿರುವ ಅಂಕಿಗಳಲ್ಲಿ ಮೊದಲನೆಯದು ದಪ್ಪವನ್ನೂ ಎರಡನೆಯದು ತಂತಿಬಳೆಯ ವ್ಯಾಸವನ್ನೂ ಸೂಚಿಸುತ್ತದೆ. ಅಂಗಡಿಗೆ ಹೋಗುವ ಮುನ್ನ ಹಳೆಯ ಟೈರಿನ ಈ ಎರಡನೆಯ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಅಳತೆ ಸರಿಯಿದ್ದು, ರಿಮ್ಮು ನೆಟ್ಟಗಿದ್ದು, ಅಂಚನ್ನು ಬೆರಳಿನಿಂದ ಸವರಿಕೊಂಡು ಹೋದಾಗ ಒಂದೆಡೆ ತಂತಿ ಮುರಿದು ಬಾಗಿದುದು ತಿಳಿದರೆ, ಆ ಟೈರಿನ ಮೇಲ್ಮೈ ಎಷ್ಟೇ ಹೊಸದಾಗಿ ಕಂಡರೂ ಅದನ್ನು ಚಕ್ರಕ್ಕೆ ಹಾಕಲಾಗದು. ಮುರಿದ ತಂತಿಗೆ ದುರಸ್ತಿಯಿಲ್ಲ, ಬೇರೆ ಟೈರನ್ನೇ ತರಬೇಕು.