ಎಲ್ಲ ಕೆಲಸವೂ ಅರ್ಜೆಂಟ್ ಅಲ್ಲ

1956ರ ಕೊನೆಯ ಹೊತ್ತಿಗೆ ಅಮೆರಿಕದ ಡೆಲವೇರ್ ರಾಜ್ಯದ ಡುಪಾಂಟ್ ಕಂಪನಿಗೆ ಎರಡು ಚಿಂತೆಗಳಿದ್ದವು. ಹೊಸ ರಾಸಾಯನಿಕ ಕಾರ್ಖಾನೆಗಳನ್ನು ಕಟ್ಟುವುದಕ್ಕೂ ಹಳೆಯವನ್ನು ರಿಪೇರಿ ಮಾಡುವುದಕ್ಕೂ ಹಣ ನೀರಿನಂತೆ ಹರಿಯುತ್ತಿತ್ತು. ಜೊತೆಗೆ, ಭಾರೀ ಬೆಲೆ ತೆತ್ತು ತಂದ ಯೂನಿವ್ಯಾಕ್ ಕಂಪ್ಯೂಟರಿಗೆ ಕೈತುಂಬ ಕೆಲಸ ಹುಡುಕಬೇಕಿತ್ತು. ಸಾವಿರಾರು ವ್ಯಾಕ್ಯೂಮ್ ಟ್ಯೂಬುಗಳಿದ್ದು ಒಂದು ಕೋಣೆಯನ್ನೇ ನುಂಗುತ್ತಿದ್ದ ಆ ಯಂತ್ರದ ಮೆಮೊರಿಯಲ್ಲಿ ಹಿಡಿಯುತ್ತಿದ್ದದ್ದು ಬರೀ 12,000 ಅಕ್ಷರ. ಈ ಲೇಖನವೊಂದನ್ನೇ ತುಂಬಿದ್ದರೂ ಅದರಲ್ಲಿ ಹೆಚ್ಚು ಜಾಗ ಉಳಿಯುತ್ತಿರಲಿಲ್ಲ.

ಕಟ್ಟಡ ಕೆಲಸದ ಯೋಜನೆ, ಅಂದಾಜು, ವೇಳಾಪಟ್ಟಿಗಳನ್ನು ಈ ಯಂತ್ರಕ್ಕೆ ಒಪ್ಪಿಸಬಹುದೇ ಎಂದು ನೋಡುವ ಹೊಣೆ ಡುಪಾಂಟ್‌ನ ಎಂಜಿನಿಯರ್ ಮಾರ್ಗನ್ ವಾಕರ್ ಅವರ ಪಾಲಿಗೆ ಬಂತು. ಯೂನಿವ್ಯಾಕ್ ತಯಾರಿಸುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್ ಕಂಪನಿಯಿಂದ ಅವರಿಗೆ ಜೊತೆಯಾದವರು ಜೇಮ್ಸ್ ಕೆಲ್ಲಿ ಎಂಬ ಗಣಿತಜ್ಞ. ಎನಿಯಾಕ್ ಕಂಪ್ಯೂಟರನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಜಾನ್ ಮಾಕ್ಲಿ ಅಲ್ಲಿ ಕೆಲ್ಲಿಯ ಹಿರಿಯ ಸಹೋದ್ಯೋಗಿ. 1957ರ ಮೇ ತಿಂಗಳಲ್ಲಿ ಎರಡೂ ಕಂಪನಿಗಳು ಈ ಪ್ರಯತ್ನಕ್ಕೆ ಹಣ ಹಾಕಲು ಒಪ್ಪಿದವು. ಇಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರಿನಲ್ಲಿ ಕೆಲಸಗಳನ್ನು ಒಂದರ ಕೆಳಗೊಂದು ತುಂಬಿ, ಒಂದಕ್ಕೊಂದು ಕೊಂಡಿ ಹಾಕಿ, ಎದುರಿಗೆ ಹೆಸರುಗಳನ್ನು ನಮೂದಿಸಿದ ಕೂಡಲೇ ಮುಗಿಯುವ ದಿನಾಂಕ ತಾನಾಗಿ ಮೂಡುತ್ತದಲ್ಲ, ಆ ಲೆಕ್ಕ ಹುಟ್ಟಿದ್ದು ವಾಕರ್ ಮತ್ತು ಕೆಲ್ಲಿಯ ಜೊತೆಗಾರಿಕೆಯಲ್ಲಿ.

ವೇಳಾಪಟ್ಟಿ ಎಂಬುದು ಅದಕ್ಕೆ ಮೊದಲು ಇರಲಿಲ್ಲವೆಂದಲ್ಲ. ಪೋಲೆಂಡಿನ ಕಾರೊಲ್ ಅಡಾಮಿಯೆಟ್ಸ್ಕಿ 1896ರಲ್ಲೇ ಕೆಲಸಗಳ ಓಟವನ್ನು ತೋರಿಸುವ ನಕ್ಷೆಯೊಂದನ್ನು ರಚಿಸಿದ್ದರು. ಅಮೆರಿಕದ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಬಳಕೆಗೆ ತಂದ ಪಟ್ಟೆ ನಕ್ಷೆ ಮೊದಲ ಮಹಾಯುದ್ಧದ ಕಾಲದ ಶಸ್ತ್ರಾಗಾರ, ಹಡಗುಕಟ್ಟೆಗಳವರೆಗೂ ಹಬ್ಬಿತ್ತು. ಎಡಗಡೆ ಕೆಲಸದ ಹೆಸರು, ಬಲಗಡೆ ದಿನಗಳುದ್ದಕ್ಕೂ ಚಾಚಿದ ಪಟ್ಟೆ. ನೋಡಿದ ತಕ್ಷಣ ಅರ್ಥವಾಗುವ ಈ ನಕ್ಷೆಯನ್ನು ಮೀರಿಸುವ ಚಿತ್ರ ಇಂದಿಗೂ ಬಂದಿಲ್ಲ. ಆದರೆ ಅಂದಿನ ಪಟ್ಟೆಗಳ ನಡುವೆ ಸಂಬಂಧ ಇರುತ್ತಿರಲಿಲ್ಲ. ಪೈಪು ಬರುವುದು ಹತ್ತು ದಿನ ತಡವಾದರೆ ಯಾವ ಪಟ್ಟೆ ಎಷ್ಟು ಸರಿಯಬೇಕು ಎಂಬುದು ಅನುಭವಿ ಎಂಜಿನಿಯರ್‌ನ ತಲೆಯೊಳಗೆ ಮಾತ್ರ ಇರುತ್ತಿತ್ತು. ನೂರಾರು ಕೆಲಸಗಳಿರುವಲ್ಲಿ ಎಂಥ ಅನುಭವಿಗೂ ಅಷ್ಟನ್ನೂ ನೆನಪಿಟ್ಟು ಲೆಕ್ಕ ಹಾಕುವುದು ಆಗದ ಮಾತು. ಹಾಗಾಗಿ ಕೆಲಸ ಹಿಂದೆ ಬಿದ್ದಾಗ ಎಲ್ಲರಿಗೂ ಗೊತ್ತಿದ್ದ ಮದ್ದು ಒಂದೇ: ಎಲ್ಲ ಕಡೆಯೂ ಓವರ್‌ಟೈಮ್, ಎಲ್ಲರಿಗೂ ಅವಸರ.

ವಾಕರ್ ಕೆಲ್ಲಿಯ ಮುಂದಿಟ್ಟದ್ದು ಈ ಅವಸರದ ಬೆಲೆಯನ್ನೇ. ಪ್ರತಿ ಕೆಲಸಕ್ಕೂ ಒಂದು ಸಾಮಾನ್ಯ ಅವಧಿ, ಅದಕ್ಕೆ ತಕ್ಕ ಖರ್ಚು ಇರುತ್ತದೆ. ಹೆಚ್ಚು ಆಳು, ಹೆಚ್ಚು ಗಂಟೆ ಹಾಕಿದರೆ ಅವಧಿ ಇಳಿಯುತ್ತದೆ, ಖರ್ಚು ಏರುತ್ತದೆ. ಇಡೀ ಯೋಜನೆಯನ್ನು ಇಂತಿಷ್ಟು ದಿನ ಮುಂಚೆ ಮುಗಿಸಬೇಕೆಂದರೆ ಯಾವ ಕೆಲಸವನ್ನು ಎಷ್ಟು ಅವಸರಿಸಿದರೆ ಅತಿ ಕಡಿಮೆ ಹಣದಲ್ಲಿ ಆದೀತು? ಕೆಲ್ಲಿ ಇದನ್ನು ಲೀನಿಯರ್ ಪ್ರೋಗ್ರಾಮಿಂಗ್ ಸಮಸ್ಯೆಯಾಗಿ, ಅಂದರೆ ಮಿತಿಗಳೊಳಗೆ ಅತಿ ಕಡಿಮೆ ಖರ್ಚನ್ನು ಹುಡುಕುವ ಗಣಿತವಾಗಿ, ಬರೆದುಕೊಂಡರು. ಬರೆಯಬೇಕಾದರೆ ಯಾವ ಕೆಲಸ ಯಾವುದರ ನಂತರ ಎಂಬುದು ಗಣಿತಕ್ಕೆ ತಿಳಿಯಬೇಕಲ್ಲ? ಅದಕ್ಕಾಗಿ ಪ್ರತಿ ಕೆಲಸವೂ ಒಂದು ಬಾಣವಾಯಿತು, ಬಾಣಗಳು ಕೂಡಿ ಒಂದು ಜಾಲವಾಯಿತು. 1957ರ ಜುಲೈಯಲ್ಲಿ 61 ಕೆಲಸಗಳ ಜಾಲವೊಂದನ್ನು ಯೂನಿವ್ಯಾಕ್ ಲೆಕ್ಕ ಹಾಕಿ ಮುಗಿಸಿತು.

ಆ ಲೆಕ್ಕದ ತಿರುಳನ್ನು ಕಂಪ್ಯೂಟರ್ ಇಲ್ಲದೆಯೂ ನೋಡಬಹುದು. ಕಾರ್ಖಾನೆಯೊಂದರಲ್ಲಿ ರಿಪೇರಿಗೆಂದು ಒಂದು ಲೈನನ್ನು ನಿಲ್ಲಿಸಿದ್ದಾರೆ ಎಂದುಕೊಳ್ಳೋಣ. ಮೊದಲು ಲೈನನ್ನು ಖಾಲಿ ಮಾಡಿ ತೊಳೆಯಬೇಕು, 6 ಗಂಟೆ. ಅದಾದ ಮೇಲೆ ಮೂರು ಕೆಲಸ ಒಟ್ಟಿಗೆ ಶುರುವಾಗಬಹುದು: ಪಂಪ್ ಬಿಚ್ಚಿ ರಿಪೇರಿ ಮಾಡುವುದಕ್ಕೆ 20 ಗಂಟೆ, ವಾಲ್ವ್ ಬದಲಿಸುವುದಕ್ಕೆ 8 ಗಂಟೆ, ವೈರಿಂಗ್ ತಪಾಸಣೆಗೆ 5 ಗಂಟೆ. ಪಂಪೂ ವಾಲ್ವೂ ಮುಗಿದ ಮೇಲೆ ಸೋರಿಕೆ ಪರೀಕ್ಷೆ, 4 ಗಂಟೆ. ಪರೀಕ್ಷೆಯೂ ವೈರಿಂಗೂ ಮುಗಿದ ಮೇಲೆ ಲೈನನ್ನು ಮತ್ತೆ ಚಾಲೂ ಮಾಡುವುದು, 2 ಗಂಟೆ.

ಶುರುವಿನಿಂದ ಮುಂದಕ್ಕೆ ಕೂಡುತ್ತ ಹೋಗಿ. ತೊಳೆಯುವುದು 6ನೇ ಗಂಟೆಗೆ ಮುಗಿಯುತ್ತದೆ, ವಾಲ್ವ್ 14ಕ್ಕೆ, ಪಂಪ್ 26ಕ್ಕೆ. ಪರೀಕ್ಷೆ ಪಂಪಿಗಾಗಿ ಕಾದು 30ಕ್ಕೆ ಮುಗಿದರೆ ಲೈನು 32ನೇ ಗಂಟೆಗೆ ಓಡುತ್ತದೆ. ಈಗ ಆ 32ರಿಂದ ಹಿಂದಕ್ಕೆ ಕಳೆಯುತ್ತ ಬನ್ನಿ. ವೈರಿಂಗ್ 30ರೊಳಗೆ ಮುಗಿದರೆ ಸಾಕು, ಅಂದರೆ 25ನೇ ಗಂಟೆಗೆ ಶುರುಮಾಡಿದರೂ ನಡೆಯುತ್ತದೆ. 19 ಗಂಟೆ ಬಿಡುವು. ವಾಲ್ವಿಗೆ 12 ಗಂಟೆ ಬಿಡುವು. ತೊಳೆಯುವುದು, ಪಂಪ್, ಪರೀಕ್ಷೆ, ಚಾಲೂ ಈ ನಾಲ್ಕಕ್ಕೆ ಮಾತ್ರ ಒಂದು ನಿಮಿಷದ ಬಿಡುವೂ ಇಲ್ಲ. ವಾಲ್ವಿನ ಹುಡುಗರನ್ನು ಎಷ್ಟು ಓಡಾಡಿಸಿದರೂ ಲೈನು 32ಕ್ಕಿಂತ ಮೊದಲು ಓಡುವುದಿಲ್ಲ. ಪಂಪಿನಲ್ಲಿ ಒಂದು ಗಂಟೆ ಉಳಿಸಿದರೆ ಇಡೀ ಕಾರ್ಖಾನೆಗೆ ಒಂದು ಗಂಟೆ ಉಳಿಯುತ್ತದೆ. ಎಲ್ಲ ಕೆಲಸವೂ ಅರ್ಜೆಂಟ್ ಅಲ್ಲ. ಯಾವುದು ಅರ್ಜೆಂಟ್ ಎಂಬುದನ್ನು ಕೂಡು-ಕಳೆ ಲೆಕ್ಕದಿಂದಲೇ ತೋರಿಸಬಹುದು. ಕೆಲ್ಲಿ ಮತ್ತು ವಾಕರ್ ಕಂಡದ್ದು ಇದನ್ನು.

ಕಾಗದದ ಮೇಲಿನ ಲೆಕ್ಕ ಸೈಟಿನಲ್ಲಿ ನಿಲ್ಲುತ್ತದೆಯೇ? ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ 1 ಕೋಟಿ ಡಾಲರಿನ ರಾಸಾಯನಿಕ ಘಟಕವೊಂದನ್ನು ಕಟ್ಟಬೇಕಿತ್ತು. ಡುಪಾಂಟ್ ಅದಕ್ಕೆ ಎರಡು ತಂಡಗಳನ್ನು ಕೂರಿಸಿತು. ಒಂದು ತಂಡ ಎಂದಿನ ಪದ್ಧತಿಯಲ್ಲಿ ವೇಳಾಪಟ್ಟಿ ಮಾಡಿತು. ಇನ್ನೊಂದು ತಂಡ ಹೊಸ ವಿಧಾನವನ್ನು ಕಲಿತು, ಅದೇ ಯೋಜನೆಗೆ ಬೇರೆಯಾಗಿ ಜಾಲ ಹೆಣೆಯಿತು. ಸಾಮಾನು ಸರಬರಾಜಿನ ಪಟ್ಟಿಯಲ್ಲಿ ವ್ಯತ್ಯಾಸ ಎದ್ದು ಕಂಡಿತು. ನಿಜವಾಗಿಯೂ ಯೋಜನೆಯ ಕೊನೆಯ ದಿನಾಂಕವನ್ನು ಹಿಡಿದಿಟ್ಟಿದ್ದ ಸಾಮಾನುಗಳು ಏಳೇ ಎಂದು ಜಾಲ ತೋರಿಸಿತು. ಅವುಗಳಲ್ಲಿ ಮೂರು, ಹಳೆಯ ಪದ್ಧತಿಯ ತಂಡ ಬರೆದುಕೊಂಡಿದ್ದ ಮುಖ್ಯ ಸಾಮಾನುಗಳ ಪಟ್ಟಿಯಲ್ಲಿ ಇರಲೇ ಇಲ್ಲ! ನುರಿತವರ ಕಣ್ಣಿಗೂ ಬೀಳದೆ ಉಳಿದಿದ್ದವು ಅವು.

ಲೂಯಿವಿಲ್‌ನಲ್ಲೇ ಇದ್ದ ನಿಯೋಪ್ರಿನ್ ಕೃತಕ ರಬ್ಬರ್ ಘಟಕದಲ್ಲಿ ಇನ್ನೂ ಕಠಿಣ ಪರೀಕ್ಷೆ ನಡೆಯಿತು. ನಿಯೋಪ್ರಿನ್ ಆಗುವ ಹಾದಿಯಲ್ಲಿ ಹುಟ್ಟುವ ಒಂದು ವಸ್ತು ತಾನಾಗಿ ಸ್ಫೋಟಿಸುವಂಥದ್ದು. ಹಾಗಾಗಿ ಘಟಕ ಓಡುತ್ತಿರುವಾಗ ರಿಪೇರಿಯ ಮಾತೇ ಇಲ್ಲ. ಪೂರ್ತಿ ನಿಲ್ಲಿಸಿ, ಎಲ್ಲ ರಿಪೇರಿಯನ್ನೂ ಒಂದೇ ಸಲಕ್ಕೆ ಮುಗಿಸಬೇಕು. ನಿಂತಷ್ಟು ಗಂಟೆಯೂ ನಷ್ಟವೇ. ಇಲ್ಲಿ ಹೊಸ ವಿಧಾನವನ್ನು ಬಳಸಿದ ಮೇಲೆ ಶಟ್‌ಡೌನಿನ ಸರಾಸರಿ ಅವಧಿ 125 ಗಂಟೆಯಿಂದ 93ಕ್ಕೆ ಇಳಿಯಿತು. ಕೆಲ್ಲಿ ಮತ್ತು ವಾಕರ್ ಇದನ್ನೆಲ್ಲ ಬರೆದು 1959ರ ಡಿಸೆಂಬರಿನಲ್ಲಿ ಬಾಸ್ಟನ್‌ನ ಕಂಪ್ಯೂಟರ್ ಸಮ್ಮೇಳನದಲ್ಲಿ ಮಂಡಿಸಿದರು.

ಇದೇ ಹೊತ್ತಿಗೆ ಅಮೆರಿಕದ ನೌಕಾಪಡೆ ಜಲಾಂತರ್ಗಾಮಿಯಿಂದ ಹಾರುವ ಪೊಲಾರಿಸ್ ಕ್ಷಿಪಣಿಯ ಬೆನ್ನು ಹತ್ತಿತ್ತು. ಹಿಂದೆ ಯಾರೂ ಮಾಡದ ಕೆಲಸಕ್ಕೆ ಇಷ್ಟೇ ದಿನ ಎಂದು ಹೇಳುವುದು ಹೇಗೆ? ನೌಕಾಪಡೆಯವರು, ಬೂಜ್ ಅಲೆನ್ ಸಲಹಾಗಾರರು, ಲಾಕ್‌ಹೀಡ್ ಎಂಜಿನಿಯರುಗಳು ಸೇರಿ 1958ರಲ್ಲಿ ರೂಪಿಸಿದ ಪರ್ಟ್ ವಿಧಾನ ಒಂದರ ಬದಲು ಮೂರು ಅಂದಾಜು ಕೇಳಿತು. ಎಲ್ಲ ಸರಿಹೋದರೆ 4 ವಾರ, ಸಾಮಾನ್ಯವಾಗಿ 6, ಎಲ್ಲ ಕೆಟ್ಟರೆ 14 ಎನ್ನಿ. ನಡುವಿನದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು ಮೂರನ್ನೂ ಕೂಡಿ ಆರರಿಂದ ಭಾಗಿಸಿದರೆ 7 ವಾರ. ಬಿಡುವಿಲ್ಲದ ಸರಪಳಿಗೆ ಕ್ರಿಟಿಕಲ್ ಪಾತ್ ಎಂಬ ಹೆಸರು ಬಂದದ್ದೂ ಈ ಗುಂಪಿನಿಂದಲೇ. 1960ರ ಜುಲೈ 20ರಂದು ಪೊಲಾರಿಸ್ ನೀರಿನಡಿಯಿಂದ ಯಶಸ್ವಿಯಾಗಿ ಚಿಮ್ಮಿದಾಗ ಪರ್ಟ್‌ನ ಕೀರ್ತಿಯೂ ಮೇಲಕ್ಕೆ ಹಾರಿತು. ಆ ಯಶಸ್ಸಿನಲ್ಲಿ ಪರ್ಟ್‌ನ ನಿಜವಾದ ಪಾಲು ಹೊಗಳಿದಷ್ಟು ದೊಡ್ಡದಲ್ಲವೆಂದು ಹಾರ್ವಿ ಸಪೋಲ್ಸ್ಕಿ 1972ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಏನೇ ಇರಲಿ, ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇವತ್ತಿಗೂ ಪರ್ಟ್ ಮತ್ತು ಸಿಪಿಎಂ (ಕ್ರಿಟಿಕಲ್ ಪಾತ್ ಮೆಥಡ್, ಅಂದರೆ ಕೆಲ್ಲಿ-ವಾಕರ್ ವಿಧಾನ) ಎರಡನ್ನೂ ಒಂದೇ ಉಸಿರಿನಲ್ಲಿ ಕಲಿಯುತ್ತಾರೆ.

ಡುಪಾಂಟ್‌ನಲ್ಲಿ ಮಾತ್ರ ಉತ್ಸಾಹ ಹೆಚ್ಚು ಕಾಲ ಉಳಿಯಲಿಲ್ಲ. ಕೆಲ್ಲಿ 1959ರಲ್ಲಿ ಮಾಕ್ಲಿಯವರ ಹೊಸ ಸಂಸ್ಥೆ ಸೇರಿ, ಕಟ್ಟಡ ಕಂಪನಿಗಳಿಗೆ ಈ ವಿದ್ಯೆಯನ್ನು ಕಲಿಸಲು ಹೊರಟರು. ಕಲಿಸುತ್ತ ಹೋದಂತೆ ವಿಧಾನದ ಒಂದು ಭಾಗ ಹಿಂದೆ ಸರಿಯಿತು. ಪ್ರತಿ ಕೆಲಸಕ್ಕೂ ಅವಸರದ ಖರ್ಚೆಷ್ಟು ಎಂಬ ಅಂಕಿ ಸೈಟುಗಳಲ್ಲಿ ಸಿಗುವುದು ಕಷ್ಟ. ಕಾಲದ ಲೆಕ್ಕವೇ ಮುಂದೆ ಬಂತು. 1961ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಫೊಂಡಾಲ್ ಇದನ್ನು ಕಂಪ್ಯೂಟರ್ ಇಲ್ಲದೆ ಪೆನ್ಸಿಲು ಕಾಗದದಲ್ಲೇ ಮಾಡುವ ದಾರಿ ತೋರಿಸಿದರು. ಅವರ ನಕ್ಷೆಯಲ್ಲಿ ಕೆಲಸ ಬಾಣವಾಗಿರದೆ ವೃತ್ತವಾಯಿತು, ವೃತ್ತಗಳ ನಡುವಿನ ಗೆರೆ ಸಂಬಂಧವಾಯಿತು. ಇಂದಿನ ಸಾಫ್ಟ್‌ವೇರುಗಳು ಕೊಂಡಿ ಹಾಕುವುದು ಈ ಬಗೆಯಲ್ಲೇ. 1983ರಲ್ಲಿ ಇಂಥ ಸಾಫ್ಟ್‌ವೇರ್ ಮಾಡುವ ಪ್ರೈಮವೆರಾ ಕಂಪನಿ ಹುಟ್ಟಿತು, 1984ರಲ್ಲಿ ಡಾಸ್ ಕಂಪ್ಯೂಟರುಗಳಿಗೆ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಬಂತು. ಕೋಣೆಯಷ್ಟು ದೊಡ್ಡ ಯಂತ್ರಕ್ಕೆಂದು ಶುರುವಾದ ಲೆಕ್ಕ ಮೇಜಿಗಿಳಿಯಿತು.

ಇಷ್ಟರಲ್ಲಿ ಒಂದು ದೊಡ್ಡ ಪ್ರಶ್ನೆ ಬಾಕಿ ಉಳಿದಿತ್ತು. ಮೇಲಿನ ಉದಾಹರಣೆಗೇ ಮರಳೋಣ. ಪಂಪೂ ವಾಲ್ವೂ ಒಟ್ಟಿಗೆ ಶುರುವಾಗಬಹುದು ಎಂದೆವು. ಆದರೆ ಎರಡಕ್ಕೂ ಇರುವುದು ಒಂದೇ ಫಿಟ್ಟರ್ ಗ್ಯಾಂಗ್ ಆಗಿದ್ದರೆ? ಒಂದು ಮುಗಿದ ಮೇಲೆಯೇ ಇನ್ನೊಂದು. ಯಾವುದನ್ನು ಮೊದಲು ಹಿಡಿದರೂ ಎರಡೂ ಮುಗಿಯುವಾಗ 34ನೇ ಗಂಟೆ, ಲೈನು ಓಡುವಾಗ 40. ಕೆಲಸಗಳ ನಡುವಿನ ಒಂದು ಕೊಂಡಿಯನ್ನೂ ಬದಲಿಸದೆ ಎಂಟು ಗಂಟೆ ಏರಿತು. ವಾಲ್ವಿಗಿದ್ದ 12 ಗಂಟೆಯ ಬಿಡುವು ಮಾಯವಾಯಿತು. ಇನ್ನೊಂದು ಗ್ಯಾಂಗ್ ಕರೆಸುವ ಖರ್ಚು ಹೆಚ್ಚೋ, ಎಂಟು ಗಂಟೆಯ ಉತ್ಪಾದನೆ ಹೆಚ್ಚೋ ಎಂದು ಯಾರಾದರೂ ತೀರ್ಮಾನಿಸಲೇಬೇಕು. ಶುದ್ಧ ಕ್ರಿಟಿಕಲ್ ಪಾತ್ ಲೆಕ್ಕಕ್ಕೆ ಈ ಕಷ್ಟ ಕಾಣುವುದಿಲ್ಲ. ಬೇಕಾದಷ್ಟು ಆಳು ಇದ್ದಾರೆ ಎಂದೇ ಅದು ನಂಬಿರುತ್ತದೆ.

ಆಳು, ಯಂತ್ರಗಳ ಮಿತಿಯನ್ನೂ ಲೆಕ್ಕಕ್ಕೆ ತರುವ ಪ್ರಯತ್ನಗಳು 1960ರ ದಶಕದ ಆರಂಭದಲ್ಲೇ ಶುರುವಾದವು. ಬಿಡುವಿರುವ ಕೆಲಸಗಳನ್ನು ಹಿಂದೆ ಮುಂದೆ ಸರಿಸಿ, ಒಂದು ವಾರ ಐವತ್ತು ಆಳು ಮರುವಾರ ಐದು ಎಂಬ ಏರಿಳಿತವನ್ನು ಸಮಮಾಡುವ ಕ್ರಮವೊಂದನ್ನು ಬರ್ಜೆಸ್ ಮತ್ತು ಕಿಲ್ಲೆಬ್ರೂ 1962ರಲ್ಲಿ ಪ್ರಕಟಿಸಿದರು. ಆದರೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಕೂಡಿ ಕಳೆದು ಮುಗಿಸುವ ಸರಳ ದಾರಿ ಇಲ್ಲಿ ಸಿಗಲಿಲ್ಲ. ಕೆಲಸಗಳು ಹೆಚ್ಚಿದಂತೆ ಯಾವುದು ಮೊದಲು ಎಂಬ ಸಾಧ್ಯತೆಗಳು ಎಣಿಕೆ ಮೀರಿ ಬೆಳೆಯುತ್ತವೆ. ಇದು ಗಣಿತದ ಅತಿ ಕಠಿಣ ಸಮಸ್ಯೆಗಳ ಗುಂಪಿಗೇ ಸೇರಿದ್ದೆಂದು ಬ್ಲಾಜೆವಿಚ್, ಲೆನ್‌ಸ್ಟ್ರಾ, ರಿನೋಯ್ ಕಾನ್ 1983ರಲ್ಲಿ ತೋರಿಸಿದರು. ಆದ್ದರಿಂದ ಸಾಫ್ಟ್‌ವೇರಿನಲ್ಲಿ ಈ ಸಮಮಾಡುವಿಕೆಯ ಲೆವೆಲಿಂಗ್ ಗುಂಡಿ ಒತ್ತಿದಾಗ ಬರುವುದು ಆದ್ಯತೆ, ಬಿಡುವು ಮುಂತಾದ ನಿಯಮಗಳನ್ನು ಹಿಡಿದು ಹುಡುಕಿದ, ನಡೆಯುವಂಥ ಒಂದು ಉತ್ತರ. ಅದೇ ಅತ್ಯುತ್ತಮ ಎಂಬ ಖಾತರಿ ಇಲ್ಲ.

ಸಾಫ್ಟ್‌ವೇರಿನಲ್ಲಿ ಹೆಸರು ಹಚ್ಚುವ ಘಳಿಗೆಯನ್ನು ಹತ್ತಿರದಿಂದ ನೋಡಿದರೆ ಆಳಿನ ಮಿತಿಯ ಈ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಕೆಲಸಕ್ಕೆ 40 ಗಂಟೆಯ ದುಡಿಮೆ ಬೇಕು. ದಿನಕ್ಕೆ 8 ಗಂಟೆ ದುಡಿಯುವ ಒಬ್ಬರನ್ನು ಪೂರ್ತಿ ಹಚ್ಚಿದರೆ 5 ದಿನ. ಅದೇ ವ್ಯಕ್ತಿ ಅರ್ಧ ಹೊತ್ತು ಬೇರೆ ಕೆಲಸದಲ್ಲಿದ್ದರೆ 10 ದಿನ. ನಡುವೆ ದಸರಾ ರಜೆ ಬಂದರೆ ಮತ್ತೂ ಮುಂದಕ್ಕೆ. ದುಡಿಮೆ, ಜನ, ಅವಧಿ ಈ ಮೂರರಲ್ಲಿ ಎರಡನ್ನು ನೀವು ಹೇಳಿದರೆ ಮೂರನೆಯದನ್ನು ಸಾಫ್ಟ್‌ವೇರ್ ಹೇಳುತ್ತದೆ. ಒಬ್ಬರನ್ನೇ ಒಂದೇ ಹೊತ್ತಿನಲ್ಲಿ ಎರಡು ಕೆಲಸಕ್ಕೆ ಪೂರ್ತಿ ಹಚ್ಚಿದರೆ ಕೆಂಪು ಗುರುತು ತೋರಿಸುತ್ತದೆ. ನಮ್ಮ ಎಷ್ಟೋ ಕಚೇರಿಗಳಲ್ಲಿ ಆ ಕೆಂಪು ಗುರುತನ್ನು ನೋಡಿಯೂ ನೋಡದಂತೆ ಬಿಡುತ್ತಾರೆ. ಮುಗಿಯುವ ದಿನಾಂಕವನ್ನು ಮೇಲಿನವರು ಮೊದಲೇ ಗಿರಾಕಿಗೆ ಹೇಳಿಬಿಟ್ಟಿರುತ್ತಾರೆ. ಅದಕ್ಕೆ ಸರಿಹೊಂದುವಂತೆ ಅವಧಿಗಳನ್ನು ಕತ್ತರಿಸುತ್ತಾರೆ, ದಿನಕ್ಕೆ ಎಂಟೇ ಗಂಟೆ ಇರುವವರ ಮೇಲೆ ಹದಿನಾರು ಗಂಟೆ ಹೇರುತ್ತಾರೆ. ಆಮೇಲೆ ತಡವಾಯಿತೆಂದು ದೂರುವುದು ಕೆಲಸ ಮಾಡಿದವರನ್ನು.

ಕೆಲ್ಲಿ ಮತ್ತು ವಾಕರ್ ಒತ್ತಿ ಹೇಳಿದ್ದು ಇದಕ್ಕೆ ತದ್ವಿರುದ್ಧವಾದದ್ದನ್ನು. ಯೋಜನೆ ಬೇರೆ, ವೇಳಾಪಟ್ಟಿ ಬೇರೆ. ಏನು ಮಾಡಬೇಕು, ಯಾವುದರ ಬೆನ್ನಿಗೆ ಯಾವುದು ಎಂಬುದನ್ನು ದಿನಾಂಕದ ಗೊಡವೆಯಿಲ್ಲದೆ ಮೊದಲು ಕೂತು ಬರೆಯಬೇಕು. ಪ್ರತಿ ಕೆಲಸ ಎಷ್ಟು ಹೊತ್ತು ಹಿಡಿಯುತ್ತದೆ, ಯಾರು ಮಾಡುತ್ತಾರೆ, ಅವರು ಯಾವಾಗ ಸಿಗುತ್ತಾರೆ ಎಂಬುದು ಆಮೇಲೆ. ದಿನಾಂಕ ಹುಟ್ಟುವುದು ಎಲ್ಲಕ್ಕೂ ಕೊನೆಯಲ್ಲಿ, ಲೆಕ್ಕದ ಫಲವಾಗಿ. ಆ ದಿನಾಂಕ ಒಪ್ಪಿಗೆಯಾಗದಿದ್ದರೆ ಕೊಂಡಿಯನ್ನು ಬದಲಿಸಬಹುದು, ಆಳು ಸೇರಿಸಬಹುದು, ಕೆಲಸವನ್ನೇ ಕಡಿಮೆ ಮಾಡಬಹುದು. ಒಂದೊಂದಕ್ಕೂ ಬೆಲೆ ಇದೆ, ಆ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಎಲ್ಲರೆದುರು ಮಾತಾಡಿ ಗೊತ್ತು ಮಾಡಿಕೊಳ್ಳಬಹುದು.

ಈ ಆವಿಷ್ಕಾರದ ನಿಜವಾದ ಲಾಭ ಸಿಗಬೇಕಾದದ್ದು ಕೆಲಸ ಮಾಡುವವರಿಗೆ ಎಂದು ನಾನು ನಂಬುತ್ತೇನೆ. ಅಷ್ಟರೊಳಗೆ ಆಗುವುದಿಲ್ಲ ಎಂದು ಫಿಟ್ಟರ್ ಹೇಳಿದರೆ ಅದು ಸೋಮಾರಿತನದ ನೆಪ ಎನಿಸಿಕೊಳ್ಳುವ ಕಾಲವಿತ್ತು. ಒಂದೇ ಗ್ಯಾಂಗ್ ಇದ್ದರೆ 40 ಗಂಟೆ, ಎರಡಿದ್ದರೆ 32 ಎಂದು ಲೆಕ್ಕ ತೋರಿಸಿದ ಮೇಲೆ ಅವನ ಮಾತಿಗೆ ಪುರಾವೆ ಸಿಕ್ಕಿದೆ. ಆ ಲೆಕ್ಕವನ್ನು ಮಾಡುವ ಯಂತ್ರ ಈಗ ಎಲ್ಲರ ಮೇಜಿನ ಮೇಲೂ ಇದೆ. ಯಾವುದರ ನಂತರ ಯಾವುದು, ಮಾಡುವವರು ಎಷ್ಟು ಜನ ಎಂಬುದನ್ನು ಅದಕ್ಕೆ ಸುಳ್ಳಿಲ್ಲದೆ ಹೇಳುವ ಹೊಣೆ ಮಾತ್ರ ನಮ್ಮದು.