ಕಾಲು ಸೋತರೆ ಎದೆಯನ್ನೂ ತೋರಿಸಿ

ಮೈಸೂರು ಬಳಿಯ ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿದವರಿಗೆ ಕಾಲು ಸೋಲುವುದು ಹೊಸದಲ್ಲ. ಮಲಗೆದ್ದರೆ ಆ ಸುಸ್ತು ಇಳಿಯುತ್ತದೆ. ಆದರೆ ಕುಕ್ಕರಗಾಲಲ್ಲಿ ಕೂತವರು ಗೋಡೆ ಹಿಡಿಯದೆ ಏಳಲಾರರು, ಬಸ್ಸಿನ ಮೆಟ್ಟಿಲಿಗೆ ಕಾಲೆತ್ತಲಾರರು, ಬಾಯಿ ಸದಾ ಒಣಗುತ್ತದೆ, ಮಲಬದ್ಧತೆ ಬೇರೆ. ಬೀಡಿ, ಸಿಗರೇಟು ಸೇದುವವರಲ್ಲಿ ಇವೆಲ್ಲ ಒಟ್ಟಿಗೆ ವಾರಗಟ್ಟಲೆ ಉಳಿದರೆ ‘ವಯಸ್ಸಾಯಿತು’ ಎಂದು ಸುಮ್ಮನಿರುವಂತಿಲ್ಲ. ಲ್ಯಾಂಬರ್ಟ್–ಈಟನ್ ಎಂಬ ಅಪರೂಪದ ಕಾಯಿಲೆ ಹೀಗೆಯೇ ಶುರುವಾಗುತ್ತದೆ. ಅದು ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಇರುತ್ತದೆ.

1953ರಲ್ಲಿ ಲಂಡನ್ನಿನ ವೈದ್ಯರು ಇಂಥ ರೋಗಿಯೊಬ್ಬನ ಬಗ್ಗೆ ಬರೆದರು. ಶ್ವಾಸಕೋಶದಲ್ಲಿ ಗೆಡ್ಡೆಯಿದ್ದ ಆತನಿಗೆ ಅರಿವಳಿಕೆಯ ವೇಳೆ ಸ್ನಾಯು ಸಡಿಲಿಸುವ ಮದ್ದು ಕೊಟ್ಟಾಗ ಬಹಳ ಹೊತ್ತು ಉಸಿರಾಟವೇ ನಿಂತಿತ್ತು. ಮೂರು ವರ್ಷಗಳ ನಂತರ ಅಮೆರಿಕದ ಮೇಯೊ ಕ್ಲಿನಿಕ್ಕಿನ ಲ್ಯಾಂಬರ್ಟ್, ಈಟನ್ ಮತ್ತು ರೂಕ್ ಕಾಯಿಲೆಯನ್ನು ವಿವರವಾಗಿ ಗುರುತಿಸಿದರು.

ನರದ ತುದಿಗೆ ಕ್ಯಾಲ್ಸಿಯಂ ನುಗ್ಗಿದರೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು ಸ್ನಾಯುವನ್ನು ಎಬ್ಬಿಸುತ್ತದೆ. ಕ್ಯಾಲ್ಸಿಯಂ ಬರುವ ಆ ಕಿಂಡಿಗಳು ‘ಸ್ಮಾಲ್ ಸೆಲ್’ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಕೋಶಗಳ ಮೇಲೂ ಇವೆ. ಕ್ಯಾನ್ಸರನ್ನು ಹೊಡೆಯಲು ದೇಹ ತಯಾರಿಸಿದ ಪ್ರತಿಕಾಯಗಳು ನರದ ಕಿಂಡಿಗಳನ್ನೂ ಕೆಡಿಸುತ್ತವೆ. ಎಷ್ಟೋ ಬಾರಿ ಕೆಮ್ಮು, ಕಫಕ್ಕಿಂತ ಮೊದಲೇ ಕಾಲು ಸೋಲುವುದು ಇದರಿಂದಲೇ.

ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆ ಇದರ ದಾಯಾದಿ. ಅದು ಹೆಚ್ಚಾಗಿ ಕಣ್ಣಿನ ರೆಪ್ಪೆಯಿಂದ ಶುರುವಾಗುತ್ತದೆ, ದುಡಿದಷ್ಟೂ ಸ್ನಾಯು ಸೋಲುತ್ತದೆ. ಅದಕ್ಕೆ ನಂಟಿರುವುದು ಎದೆಯೊಳಗಿನ ಥೈಮಸ್ ಗ್ರಂಥಿಯ ಗೆಡ್ಡೆಗೆ. ಲ್ಯಾಂಬರ್ಟ್–ಈಟನ್ ಇದ್ದವರಲ್ಲಾದರೋ ಹತ್ತು ಸೆಕೆಂಡು ಬಿಗಿಹಿಡಿದ ಸ್ನಾಯುವಿಗೆ ಕ್ಷಣಕಾಲ ಬಲ ಮರಳುತ್ತದೆ. ನರದ ವಿದ್ಯುತ್ ಪರೀಕ್ಷೆಯಲ್ಲಿ ಈ ಏರಿಕೆ ಸ್ಪಷ್ಟವಾಗಿ ಕಾಣುತ್ತದೆ. ಪ್ರತಿಕಾಯಗಳನ್ನು ರಕ್ತಪರೀಕ್ಷೆ ಹಿಡಿಯುತ್ತದೆ.

ಕಾಯಿಲೆ ಖಚಿತವಾದ ಕೂಡಲೇ ಎದೆಯ ಸಿ.ಟಿ. ಸ್ಕ್ಯಾನ್ ಆಗಬೇಕು. ಅದರಲ್ಲಿ ಏನೂ ಕಾಣದಿದ್ದರೂ ಎರಡು ವರ್ಷದವರೆಗೆ ಮೂರರಿಂದ ಆರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು. ಕ್ಯಾನ್ಸರ್‌ಗೆ ಚಿಕಿತ್ಸೆ ಕೊಟ್ಟರೆ ಸ್ನಾಯುಗಳೂ ಚೇತರಿಸಿಕೊಳ್ಳಬಹುದು. ಬಲ ಹೆಚ್ಚಿಸಲು ಅಮಿಫಾಂಪ್ರಿಡಿನ್ ಮಾತ್ರೆಯಿದೆ.

ಕಡಕೊಳದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆ ಹತ್ತಿರವಿವೆ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್, ಕ್ಯಾನ್ಸರ್ ಚಿಕಿತ್ಸೆಗೆ ಕಿದ್ವಾಯಿ ಇವೆ. ವೈದ್ಯರೆದುರು ಕಾಲಿನ ತೊಂದರೆಯ ಜೊತೆಗೆ ಬಾಯಿ ಒಣಗುವುದನ್ನೂ, ಎಷ್ಟು ವರ್ಷದಿಂದ ಸೇದುತ್ತಿದ್ದೀರಿ ಎಂಬುದನ್ನೂ ಮುಚ್ಚಿಡದೆ ಹೇಳಿ. ಬಿಡಬೇಕೆನ್ನುವವರು ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.