ನಿರುದ್ಯೋಗಿಗಳ ದುಡಿಮೆಗೆ ಕೇಂದ್ರದ ಧನ: ತುಮಕೂರು ಸೀಮೆಯನ್ನು ಕುರಿತ ಒಂದು ವಿಚಾರ

ಕೆಲಸವಿಲ್ಲದೆ ಇರುವ ಪೌರನಿಗೆ ಕೆಲಸವನ್ನೊದಗಿಸಿ ಕೂಲಿ ಕೊಡುವ ಹೊಣೆ ಯಾರದು? ಅದಕ್ಕೆ ಬೇಕಾಗುವ ಧನವು ಯಾವ ಬೊಕ್ಕಸದಿಂದ ಬರತಕ್ಕದ್ದು? ಈ ಎರಡು ಪ್ರಶ್ನೆಗಳೂ ಅರ್ಥಶಾಸ್ತ್ರಜ್ಞರಿಗೆ ಮಾತ್ರ ಸೇರಿದುವೆಂದು ತೋರಬಹುದು. ಆದರೆ ನಮ್ಮ ಭಾಷೆಯ ಕೆಲವು ಹಳೆಯ ಶಬ್ದಗಳಲ್ಲಿಯೇ ಇವುಗಳ ಚರಿತ್ರೆ ಅಡಗಿರುವುದರಿಂದ ಸಾಹಿತ್ಯಾಭ್ಯಾಸಿಗಳಿಗೂ ಈ ವಿಷಯವು ದೂರವಾದುದಲ್ಲ. ತುಮಕೂರು ನಗರ, ಗುಬ್ಬಿ, ಕುಣಿಗಲು ಈ ಮೂರು ಸ್ಥಳಗಳನ್ನು ಉದಾಹರಣೆಯಾಗಿಟ್ಟುಕೊಂಡು ಅದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಬಿಟ್ಟಿ ಮತ್ತು ಕೂಲಿ

ಸಂಸ್ಕೃತದ ‘ವಿಷ್ಟಿ’ ಶಬ್ದವು ಕನ್ನಡದಲ್ಲಿ ‘ಬಿಟ್ಟಿ’ ಎಂಬ ತದ್ಭವವಾಗಿದೆ. ಈಗ ಅದಕ್ಕೆ ‘ಬೆಲೆಯಿಲ್ಲದೆ ದೊರೆತದ್ದು’ ಎಂಬ ಅರ್ಥವಿದ್ದರೂ, ಶಾಸನಗಳ ಕಾಲದಲ್ಲಿ ಅದು ಪ್ರಜೆಯು ಕೂಲಿಯಿಲ್ಲದೆ ಅರಸನಿಗೆ ಸಲ್ಲಿಸಬೇಕಾಗಿದ್ದ ದುಡಿಮೆಯ ಹೆಸರು. ಇದಕ್ಕೆ ಎದುರಾಗಿ ನಿಲ್ಲುವ ಶಬ್ದ ‘ಕೂಲಿ’. ಕೆರೆಗಳನ್ನು ಕಟ್ಟಿ ಕಾಪಾಡುವುದಕ್ಕಾಗಿ ಬಿತ್ತುವಟ್ಟ, ಕೆರೆಗೊಡಗೆ ಮೊದಲಾದ ದತ್ತಿಗಳನ್ನು ಬಿಡುತ್ತಿದ್ದುದೂ ಶಾಸನಗಳಿಂದ ವಿದಿತವಾಗುತ್ತದೆ. ಜನಪದ ಗೀತದಿಂದ ನಾಡೆಲ್ಲ ಬಲ್ಲ ಕುಣಿಗಲ ದೊಡ್ಡ ಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಇವು ಇಂತಹ ಜಲಾಶ್ರಯದ ನಾಡಿನ ಕುರುಹುಗಳು. ಆ ದತ್ತಿಗಳ ಗುರಿ ಕೆರೆಯ ರಕ್ಷಣೆ. ದುಡಿಯುವವನ ಜೀವನವು ಅದರ ಆನುಷಂಗಿಕ ಫಲ. ಕೆಲಸವಿಲ್ಲದವನಿಗೆ ಕೂಲಿ ದೊರೆಯಲೆಂದೇ ಕೆಲಸವನ್ನು ಸೃಷ್ಟಿಸುವ ಪದ್ಧತಿಯು ಸರ್ಕಾರದ ನಿಯಮಬದ್ಧ ಕರ್ತವ್ಯವಾಗಿ ಈ ನಾಡಿಗೆ ಬಂದುದು ಕ್ಷಾಮದ ಮೂಲಕ.

೨. ಧಾತು-ಈಶ್ವರದ ಕ್ಷಾಮ

1876 ರಿಂದ 1878 ರ ವರೆಗೆ ಮೈಸೂರು ಸೀಮೆಯನ್ನು ಹಾಳುಗೆಡವಿದ ಕ್ಷಾಮವನ್ನು ಜನರು ಆ ಸಂವತ್ಸರಗಳ ಹೆಸರಿನಿಂದಲೇ ಧಾತು-ಈಶ್ವರದ ಬರವೆಂದು ಕರೆದರು. 1871 ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881 ರಲ್ಲಿ 41,86,188 ಕ್ಕೆ ಇಳಿಯಿತು. ಆಗ ದೇಶವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಿತು. ಗಂಜಿಯ ಕೇಂದ್ರಗಳಲ್ಲಿ ಅನ್ನ ಕೊಡುವುದು ಒಂದು ದಾರಿ, ಕಾಮಗಾರಿಗಳಲ್ಲಿ ಕೆಲಸ ಕೊಟ್ಟು ಕೂಲಿ ಕೊಡುವುದು ಇನ್ನೊಂದು ದಾರಿ. 1877 ರಲ್ಲಿ ಸರ್ ರಿಚರ್ಡ್ ಟೆಂಪಲ್ಲನು ಮದರಾಸು ಪ್ರಾಂತ್ಯದ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದು ಅಣೆಯ ಲೆಕ್ಕಕ್ಕೆ ತಗ್ಗಿಸಿದಾಗ, ಅಲ್ಲಿಯ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು, ದುಡಿಯುವ ದೇಹಕ್ಕೆ ಅದು ಸಾಲದೆಂದು ಪ್ರತಿಭಟಿಸಿದನು. ಕೂಲಿಯು ಬದುಕಿಸುವಷ್ಟಿರಬೇಕೇ, ಕೆಲಸಕ್ಕೆ ತಕ್ಕಷ್ಟಿರಬೇಕೇ ಎಂಬ ವಾದ ಅಂದಿನಿಂದ ಇಂದಿನವರೆಗೂ ನಿಂತಿಲ್ಲ.

ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸಕ್ಕೆ ಕ್ಷಾಮಪೀಡಿತರ ದುಡಿಮೆ ಸಂದಿತು. ಮುಂದೆ 1884 ರಲ್ಲಿ ತುಮಕೂರಿಗೂ ರೈಲು ಬಂದಿತು. ವೆಚ್ಚದ ಫಲವೂ ಗಮನಾರ್ಹವಾದುದು. ಸಂಸ್ಥಾನದ ಉಳಿತಾಯವೆಲ್ಲ ಕರಗಿತು. 1881 ರಲ್ಲಿ ರಾಜ್ಯವು ಅರಸರಿಗೆ ಹಿಂದಿರುಗಿದಾಗ ಇಂಡಿಯಾ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲವೂ ಅದರೊಡನೆ ಬಂದಿತು. ಮೇಲಿನ ಬೊಕ್ಕಸವು ಕೊಟ್ಟುದು ದಾನವಲ್ಲ, ಸಾಲ. 1880 ರ ಕ್ಷಾಮ ಕಮಿಷನ್ನಿನ ವರದಿಯೂ ಅದರ ಮೇಲೆ ರಚಿತವಾದ ಕ್ಷಾಮ ನಿಬಂಧನೆಗಳೂ ಈ ಪರಿಹಾರಕ್ರಮಕ್ಕೆ ಒಂದು ಸ್ಥಿರರೂಪವನ್ನು ಕೊಟ್ಟುವು.

೩. ಸಂವಿಧಾನದಲ್ಲಿ ನಗರದ ಸ್ಥಾನ

ಭಾರತ ಸಂವಿಧಾನದ 41 ನೆಯ ಅನುಚ್ಛೇದವು ಕೆಲಸದ ಹಕ್ಕನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಸೇರಿಸಿತು. ಆದರೆ ನಿರ್ದೇಶಕ ತತ್ತ್ವವನ್ನು ನ್ಯಾಯಾಲಯದ ಮೂಲಕ ಜಾರಿಮಾಡಿಸಲಾಗದು. ಸ್ಥಳೀಯ ಆಡಳಿತವೆಂಬುದು ರಾಜ್ಯಪಟ್ಟಿಗೆ ಸೇರಿದ ವಿಷಯ. 1993 ರ ಜೂನ್ 1 ರಿಂದ ಜಾರಿಗೆ ಬಂದ 74 ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಹೇಳಿ, ಅವುಗಳಲ್ಲಿ ನಗರದ ಬಡತನದ ನಿವಾರಣೆಯನ್ನೂ ಎಣಿಸಿತು. ಆದರೂ ಆ ವಿಷಯಗಳನ್ನು ನಗರಸಂಸ್ಥೆಗಳಿಗೆ ವಹಿಸಿಕೊಡುವ ಅಧಿಕಾರವನ್ನು ರಾಜ್ಯದ ವಿಧಾನಮಂಡಲಕ್ಕೇ ಬಿಟ್ಟಿತು. ಆದುದರಿಂದ ತುಮಕೂರಿನ ಮಹಾನಗರಪಾಲಿಕೆಯಾಗಲಿ, ಕುಣಿಗಲ ಪುರಸಭೆಯಾಗಲಿ, ಗುಬ್ಬಿಯ ಪಟ್ಟಣ ಪಂಚಾಯತಿಯಾಗಲಿ ಕೇಂದ್ರದ ಧನವನ್ನು ಬಯಸಿದರೆ, ಸಾಮಾನ್ಯವಾಗಿ ರಾಜ್ಯ ಸರ್ಕಾರದ ಬಾಗಿಲಿನಿಂದಲೇ ಹೋಗಬೇಕು. ಹೊಣೆಯ ಹೆಸರು ಕೆಳಕ್ಕಿಳಿಯಿತು. ಹಣದ ಕೀಲಿಕೈ ಮೇಲೆಯೇ ಉಳಿಯಿತು.

೪. ಬಂದು ಹೋದ ಒಂದು ಯೋಜನೆ

ನಗರಸಂಸ್ಥೆಯು ಕೇಂದ್ರದ ಧನದಿಂದ ತನ್ನ ನಿರುದ್ಯೋಗಿಗಳಿಗೆ ಕೂಲಿ ಕೊಡುವ ಏರ್ಪಾಡು ಒಂದು ಕಾಲದಲ್ಲಿ ಇದ್ದಿತು. 1997 ರ ಡಿಸೆಂಬರಿನಲ್ಲಿ ಆರಂಭವಾದ ಸ್ವರ್ಣಜಯಂತಿ ಶಹರಿ ರೋಜ್‌ಗಾರ್ ಯೋಜನೆಯಲ್ಲಿ ನಗರ ಕೂಲಿ ಉದ್ಯೋಗ ಕಾರ್ಯಕ್ರಮವೆಂಬುದು ಒಂದು ಅಂಗ. 1991 ರ ಜನಗಣತಿಯಂತೆ 5 ಲಕ್ಷಕ್ಕೆ ಕಡಿಮೆ ಜನರಿದ್ದ ಊರುಗಳಿಗೆ ಮಾತ್ರ ಅದು ಅನ್ವಯಿಸುತ್ತಿದ್ದಿತು. ತುಮಕೂರು, ಗುಬ್ಬಿ, ಕುಣಿಗಲು ಮೂರೂ ಆ ಮಿತಿಯೊಳಗಿನವೇ. ಕೇಂದ್ರ ಮತ್ತು ರಾಜ್ಯಗಳ ಪಾಲು 75 ಕ್ಕೆ 25. ಸಾಮಗ್ರಿ ಮತ್ತು ಕೂಲಿಗಳ ಪ್ರಮಾಣ 60 ಕ್ಕೆ 40. ಎಂದರೆ ಒಂದು ಲಕ್ಷ ರೂಪಾಯಿಯ ಚರಂಡಿಯ ಕೆಲಸದಲ್ಲಿ 75,000 ಕೇಂದ್ರದ್ದು, 25,000 ರಾಜ್ಯದ್ದು. ದುಡಿದವರ ಕೈಸೇರತಕ್ಕದ್ದು 40,000. ಕಲ್ಲು, ಸಿಮೆಂಟುಗಳಿಗೆ ಹೆಚ್ಚಿನ ಪಾಲು ಹೋದರೂ ಊರಿಗೆ ಬಾಳಿಕೆಯ ಒಂದು ಸ್ವತ್ತು ಉಳಿಯುತ್ತಿದ್ದಿತು. 2013 ರಲ್ಲಿ ಈ ಯೋಜನೆಯ ಸ್ಥಾನದಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಬಂದಿತು. ಸ್ವಸಹಾಯ ಸಂಘ, ಕುಶಲ ಶಿಕ್ಷಣ, ಸ್ವಂತ ಉದ್ಯೋಗ, ಬೀದಿ ವ್ಯಾಪಾರಿಗಳ ನೆರವು, ಮನೆಯಿಲ್ಲದವರ ಆಶ್ರಯ ಇವು ಅದರಲ್ಲಿದ್ದುವು. ಕೂಲಿಯ ಕೆಲಸ ಮಾತ್ರ ಇರಲಿಲ್ಲ.

ಇಲ್ಲಿ ಒಂದು ಸಂದೇಹವು ತಲೆದೋರಬಹುದು. 2016 ರಲ್ಲಿ ತುಮಕೂರು ಸ್ಮಾರ್ಟ್ ಸಿಟಿಯಾಗಿ ಆಯ್ಕೆಯಾಯಿತಷ್ಟೆ? ಆ ಯೋಜನೆಯಲ್ಲಿ ನಗರಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿಗಳವರೆಗೆ, ರಾಜ್ಯದಿಂದ ಅಷ್ಟೇ ಮೊತ್ತ ಎಂಬ ಏರ್ಪಾಡು ಇದ್ದುದು ನಿಜ. ಆದರೆ ಅದರ ಗುರಿ ರಸ್ತೆ, ಕಟ್ಟಡ, ಉದ್ಯಾನಾದಿಗಳೇ ಹೊರತು ಕೂಲಿಯಲ್ಲ. ಅಲ್ಲಿ ಉದ್ಯೋಗವು ಕಾಮಗಾರಿಯ ನೆರಳು. ಕ್ಷಾಮಕಾಲದ ಕ್ರಮದಲ್ಲಿ ಕಾಮಗಾರಿಯೇ ಉದ್ಯೋಗದ ನೆರಳು. ಈ ಭೇದವನ್ನು ಮರೆತರೆ ವಿಚಾರವು ದಾರಿ ತಪ್ಪುವುದು.

೫. ಎಲ್ಲೆಗಲ್ಲಿನ ಆಚೆ ಈಚೆ

2005 ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು 2008 ರ ಏಪ್ರಿಲ್ 1 ರಿಂದ ತುಮಕೂರು ಜಿಲ್ಲೆಗೆ ಅನ್ವಯಿಸಿತು. ಗ್ರಾಮದ ಪ್ರತಿ ಕುಟುಂಬವೂ ವರ್ಷಕ್ಕೆ 100 ದಿನ ಕೆಲಸ ಕೇಳಬಹುದು. ಹದಿನೈದು ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯ ಸಲ್ಲಬೇಕು. 2025 ರ ಡಿಸೆಂಬರಿನಲ್ಲಿ ಸಂಸತ್ತು ಇದರ ಸ್ಥಾನದಲ್ಲಿ ಬೇರೊಂದು ಕಾಯಿದೆಯನ್ನು ಅಂಗೀಕರಿಸಿ ದಿನಗಳನ್ನು 125 ಕ್ಕೆ ಏರಿಸಿತು. ಅದೂ ಗ್ರಾಮಗಳಿಗೆ ಮಾತ್ರ. ಇದರ ಪರಿಣಾಮವನ್ನು ಗುಬ್ಬಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಪಟ್ಟಣದ ಎಲ್ಲೆಯ ಹೊರಗಿನ ಹಳ್ಳಿಯ ಕೂಲಿಯವನಿಗೆ ಕೆಲಸ ಕೇಳುವ ಹಕ್ಕು ಬಂದಿತು. ಎಲ್ಲೆಯ ಒಳಗಿರುವವನಿಗೆ ಬರಲಿಲ್ಲ. ಮಳೆ ಹೋದ ವರ್ಷ ಕುಣಿಗಲ ಕಡೆಯ ರೈತಕೂಲಿಯು ಸಂಸಾರಸಹಿತ ತುಮಕೂರಿಗೆ ಬಂದು ನೆಲಸಿದರೆ ಬಡತನವು ಅವನೊಡನೆ ಬರುತ್ತದೆ, ಹಕ್ಕು ಹಳ್ಳಿಯಲ್ಲಿಯೇ ಉಳಿಯುತ್ತದೆ.

೬. ಅನ್ಯತ್ರ ನಡೆದ ಪ್ರಯೋಗಗಳು

ನಗರಗಳಿಗೂ ಈ ಹಕ್ಕನ್ನು ವಿಸ್ತರಿಸಲು ಕೆಲವು ರಾಜ್ಯಗಳು ತಮ್ಮ ಧನದಿಂದಲೇ ಯತ್ನಿಸಿವೆ. ಕೇರಳವು 2010 ರಲ್ಲಿ ಅಯ್ಯನ್‌ಕಾಳಿಯವರ ಹೆಸರಿನಲ್ಲಿ, ರಾಜಸ್ಥಾನವು 2022 ರಲ್ಲಿ ಇಂದಿರಾ ಗಾಂಧಿಯವರ ಹೆಸರಿನಲ್ಲಿ ಇಂತಹ ಯೋಜನೆಗಳನ್ನು ಆರಂಭಿಸಿದುವು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1935 ರಿಂದ 1943 ರ ವರೆಗೆ ನಡೆದ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್ ಎಂಬ ಕೇಂದ್ರ ಸಂಸ್ಥೆಯು ಸುಮಾರು 85 ಲಕ್ಷ ಮಂದಿಗೆ ಕೆಲಸ ಕೊಟ್ಟಿತು. ಕೆಲಸಗಳನ್ನು ಸೂಚಿಸುತ್ತಿದ್ದುದು ಹೆಚ್ಚಾಗಿ ನಗರಗಳೂ ಇತರ ಸ್ಥಳೀಯ ಸಂಸ್ಥೆಗಳೂ. ಅದೇ ದೇಶದ 1973 ರ ಕಾಯಿದೆಯು ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಿಗೆ ನೇರವಾಗಿ ಕೇಂದ್ರಧನವನ್ನು ಕೊಟ್ಟಿತು. ಆಗ ಒಂದು ದೋಷವು ಕಂಡುಬಂದಿತು: ಕೆಲವು ನಗರಗಳು ತಮ್ಮ ನಿತ್ಯದ ನೌಕರರ ಸಂಬಳವನ್ನೇ ಆ ಹಣದಿಂದ ಕೊಟ್ಟು ತಮ್ಮ ಬೊಕ್ಕಸವನ್ನು ಉಳಿಸಿಕೊಂಡುವು. 1978 ರಲ್ಲಿ ನಿಯಮಗಳನ್ನು ಬಿಗಿಗೊಳಿಸಬೇಕಾಯಿತು. ಬೀದಿ ಗುಡಿಸುವ ಪೌರಕಾರ್ಮಿಕರ ಖಾಯಂ ಹುದ್ದೆಗಳ ಬದಲಿಗೆ ಅಗ್ಗದ ದಿನಗೂಲಿ ಬಂದೀತೆಂಬ ಭಯವು ನಮ್ಮಲ್ಲಿಯೂ ಅನುಚಿತವಲ್ಲ.

೭. ಉಪಸಂಹಾರ

ಮೇಲಣ ವಿಚಾರದಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ನಿರುದ್ಯೋಗಿಗೆ ಕೆಲಸ ಕೊಡುವುದು ಈ ಸೀಮೆಗೆ ಹೊಸದಲ್ಲ; ಆದರೆ ಅದು ವಿಪತ್ತಿನ ಕಾಲದ ಕೃಪೆಯಾಗಿದ್ದು ಹಳ್ಳಿಯಲ್ಲಿ ಮಾತ್ರ ಹಕ್ಕಾಗಿ ಪರಿಣಮಿಸಿತು. ಎರಡನೆಯದಾಗಿ, ಧನವು ಮೇಲಿನಿಂದ ಬರುವಾಗ ಸಾಲವೋ ದತ್ತಿಯೋ ಹಕ್ಕೋ ಎಂಬುದರ ಮೇಲೆ ಕೆಲಸದ ಸ್ವರೂಪವು ನಿಂತಿದೆ. ಮೂರನೆಯದಾಗಿ, ಎಲ್ಲಿ ಚರಂಡಿ ಬೇಕು, ಯಾವ ಕೆರೆಯ ಹೂಳನ್ನು ತೆಗೆಯಬೇಕು, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದನ್ನು ಬಲ್ಲುದು ಊರಿನ ಸಭೆಯೇ. ಆದರೆ ಧನವುಳ್ಳ ಸಭೆ ಅದಲ್ಲ. ಈ ಎರಡನ್ನೂ ಕೂಡಿಸುವ ಕ್ರಮವು 1997 ರಿಂದ 2013 ರ ವರೆಗೆ ಅಲ್ಪಪ್ರಮಾಣದಲ್ಲಿಯಾದರೂ ಇದ್ದುದರಿಂದ ಅದನ್ನು ಅಸಾಧ್ಯವೆನ್ನಲಾಗದು. ಬಿಟ್ಟಿಯಿಂದ ಕೂಲಿಗೆ, ಕೂಲಿಯಿಂದ ಹಕ್ಕಿಗೆ ಬಂದ ಈ ದೀರ್ಘಮಾರ್ಗದಲ್ಲಿ ಪಟ್ಟಣದ ಬಡವನು ಇನ್ನೂ ಎರಡನೆಯ ಮಜಲಿನಲ್ಲಿಯೇ ನಿಂತಿರುವನು.